ಬ್ರಿಟನ್ನಿನಲ್ಲಿ ತಜ್ಞವೈದ್ಯರನ್ನು ನೇರವಾಗಿ ಕಾಣಲಾಗದೇ?

ಪ್ರಶ್ನೆ (ಸಕಲೇಶಪುರ): ಲೀಡ್ಸ್‌ನಲ್ಲಿ ಓದುತ್ತಿರುವ ಮಗಳಿಗೆ ಮಂಡಿನೋವು. ಮೂಳೆತಜ್ಞರ ಬಳಿ ನೇರವಾಗಿ ಹೋಗುವಂತಿಲ್ಲವಂತೆ. ಉಚಿತ ಆಸ್ಪತ್ರೆಯಲ್ಲಿ ಈ ತಡೆ ಏಕೆ?

ಉತ್ತರ (ಚಿಕ್ಕಮಗಳೂರು): 1948ರ ಜುಲೈ 5ರಂದು ಆರಂಭವಾದ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಮುಖ್ಯವಾಗಿ ತೆರಿಗೆ ಹಣದಿಂದ ನಡೆಯುವುದರಿಂದ, ತುರ್ತು ಸಂದರ್ಭಗಳನ್ನು ಬಿಟ್ಟರೆ, ನಾವು ಹೆಸರು ನೋಂದಾಯಿಸಿಕೊಂಡ ಜಿಪಿ (ಸ್ಥಳೀಯ ಸಾಮಾನ್ಯ ವೈದ್ಯರು) ಮೊದಲು ಪರೀಕ್ಷಿಸಿ, ಅಗತ್ಯವೆನಿಸಿದರೆ ಮಾತ್ರ ತಜ್ಞರಿಗೆ ಕಳುಹಿಸುತ್ತಾರೆ. ಪೂರ್ತಿ ಉಚಿತವೆನ್ನುವುದೂ ಸರಿಯಲ್ಲ. ಆರು ತಿಂಗಳಿಗಿಂತ ಹೆಚ್ಚು ಓದಲು ಹೋಗುವವರು ವೀಸಾ ಅರ್ಜಿಯೊಂದಿಗೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಮಂಡಿನೋವಿಗೆ ಹಲವೆಡೆ ಫಿಸಿಯೋಥೆರಪಿಗೆ ತಾವೇ ಅರ್ಜಿ ಹಾಕಬಹುದು, ವಿಚಾರಿಸಲು ಹೇಳಿ.

ಉತ್ತರ (ಹಾಸನ): ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರಲ್ಲವೇ? ಅಮ್ಮನ ಶಸ್ತ್ರಚಿಕಿತ್ಸೆಗಾಗಿ ಆ ಚೀಟಿಯನ್ನು ರೇಷನ್ ಕಾರ್ಡಿನೊಳಗೆ ಮಡಚಿಟ್ಟುಕೊಂಡು ಎರಡು ದಿನ ಸಾಲಿನಲ್ಲಿ ನಿಂತಿದ್ದೇನೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಔಷಧಿಗೆ ಹಣ ಕೊಡಬೇಕೇ?

ಉತ್ತರ (ಚಿಕ್ಕಮಗಳೂರು): ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಔಷಧಿಯೊಂದಕ್ಕೆ ನಿಗದಿತ ಶುಲ್ಕವಿದೆ, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಇಲ್ಲ.