ಪುಂಡಿಯ ಕೆಂಪು ಬಟ್ಟಲಿಗೆ ನಿಮ್ಮ ಕಡೆ ಏನಂತೀರಿ?

ಗೆಳೆಯರೇ,

ಕೈತೋಟದ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ‘ಒಣಗಿಸಿದ ಪುಂಡಿ ಹೂವಿನ ಚಹಾ’ ಅಂತ ಬಂದಿದೆ. ಪುಂಡಿ ಅಂದರೆ ಗೋಂಗುರ ಅಂತಲೂ ಕರೆಯುವ ಹುಳಿ ಸೊಪ್ಪಿನ ಗಿಡ. ಅಂಗಡಿಯ ಪೊಟ್ಟಣಗಳ ಮೇಲೂ ಎಷ್ಟೋ ಸಲ ಹೂವು ಅಂತಲೇ ಇರುತ್ತದೆ. ಆದರೆ ಚಹಾಕ್ಕೆ ಹಾಕುವುದು ಹೂವಲ್ಲ. ದಾಸವಾಳದ ಹಾಗೆ ಇದರ ಹೂವೂ ಒಂದೇ ದಿನದ್ದು, ಅರಳಿ ಬಾಡಿಹೋಗುತ್ತದೆ. ಆಮೇಲೆ ಎಳೆಗಾಯಿಯ ಸುತ್ತ ಉಳಿದ ಹೊದಿಕೆ ದಪ್ಪಗಾಗಿ, ಗಾಢ ಕೆಂಪಾಗಿ, ಹುಳಿ ರಸ ತುಂಬಿಕೊಳ್ಳುತ್ತದೆ. ಒಳಗಿನ ಕಾಯಿ ತೆಗೆದು ಈ ಹೊದಿಕೆಯನ್ನಷ್ಟೇ ಒಣಗಿಸುತ್ತಾರೆ. ಸುಡಾನ್, ಈಜಿಪ್ಟ್ ಕಡೆಯ ‘ಕರ್ಕದೆ’ ಪಾನೀಯ ಇದರದ್ದೇ.

ಪಾಠಪುಸ್ತಕದಲ್ಲಿ ಇದಕ್ಕೆ ‘ಪುಷ್ಪಪಾತ್ರೆ’ ಅನ್ನುತ್ತಾರೆ. ಸರಿಯಾದ ಪದವೇ. ಆದರೆ ‘ಪುಷ್ಪಪಾತ್ರೆಯ ಚಟ್ನಿ’ ಅಂತ ಯಾರು ಬರೆಯುತ್ತಾರೆ, ಯಾರು ತಿನ್ನುತ್ತಾರೆ? ಸದ್ಯಕ್ಕೆ ‘ಬಟ್ಟಲು’ ಅಂತ ಹಾಕಿದ್ದೇನೆ. ಮನೆಮಾತಿನಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ತಿಳಿಸಿ.

ಇನ್ನೊಂದು ತೊಡಕು ‘ಪುಂಡಿ’ಯದ್ದೇ. ಕಲಬುರಗಿ, ರಾಯಚೂರು ಕಡೆ ಪುಂಡಿ ಪಲ್ಯ ಅಂದರೆ ಬಿಡಿಸಿ ಹೇಳಬೇಕಿಲ್ಲ. ಹುಳಿ ಎಲೆ, ಬೇಳೆ, ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಜೊತೆಗೆ ರೊಟ್ಟಿ. ಆದರೆ ಈ ಹೆಸರಿನಲ್ಲಿ ಎರಡು ಗಿಡಗಳಿವೆ. ಒಂದರ ಕಾಂಡದ ಮೇಲೆ ಸಣ್ಣ ಮುಳ್ಳುಗಳು ಇರುತ್ತವೆ. ಹೂವು ತಿಳಿ ಹಳದಿ, ನಡುವೆ ಕಡುಗೆಂಪು. ಇದರ ಬಟ್ಟಲು ಒಣಕಲು, ಸುಂಕು ಸುಂಕು, ತಿನ್ನಲು ಬರುವುದಿಲ್ಲ. ಎಲೆ ಪಲ್ಯಕ್ಕೆ, ತೊಗಟೆಯ ನಾರು ಹಗ್ಗಕ್ಕೆ. ಇನ್ನೊಂದು ಕೆಂಪು ಪುಂಡಿ. ಎಲೆಯೂ ಹುಳಿ, ಬಟ್ಟಲೂ ಹುಳಿ. ಈ ಕೆಂಪು ಪುಂಡಿಯಲ್ಲೇ ನಾರಿಗಾಗಿ ಬೆಳೆಯುವ, ಕವಲೊಡೆಯದೆ ಎತ್ತರಕ್ಕೆ ಹೋಗುವ ಬಗೆಯೊಂದಿದೆ. ಅದರ ಬಟ್ಟಲಿನಲ್ಲಿ ತಿರುಳಿಲ್ಲ! ಹಾಗಾಗಿ ಚಹಾದ ಆಸೆಗೆ ಬೀಜ ತರುವವರಿಗೆ ಬರೀ ‘ಪುಂಡಿ’ ಅಂದರೆ ಸಾಲದು. ‘ಕೆಂಪು ಪುಂಡಿ’ ಅಂತಲೇ ಬರೆದು, ಬಟ್ಟಲು ತಿನ್ನುವ ಬಗೆ ಅಂತ ಸೇರಿಸುವುದು ಒಳ್ಳೆಯದು ಅನ್ನಿಸುತ್ತದೆ.

ನಾರಿನ ವ್ಯಾಪಾರದವರು ಎರಡಕ್ಕೂ ಒಟ್ಟಾಗಿ ‘ಮೆಸ್ತ’ ಅಂದುಬಿಡುತ್ತಾರೆ. ಆಂಧ್ರದ ಭೀಮುನಿಪಟ್ಣಂ ಬಂದರಿನ ಹೆಸರಿನಿಂದ ‘ಬಿಮ್ಲಿ’ ಅಂತಲೂ ಕರೆಯುವುದುಂಟು. ಇದನ್ನು ಕನ್ನಡಕ್ಕೆ ತರುವಾಗ ದಯವಿಟ್ಟು ‘ಸೆಣಬು’ ಅನ್ನಬೇಡಿ. ಆ ಪದ ಆಗಲೇ ಎರಡು ಹೊರೆ ಹೊತ್ತಿದೆ: ಗೋಣಿಚೀಲದ ನಾರಿಗೂ ಅದೇ, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಹಳದಿ ಹೂವಿನ ಗಿಡಕ್ಕೂ ಅದೇ. ಗೊಬ್ಬರದ್ದು ಅವರೆ, ತೊಗರಿಯ ಕುಟುಂಬದ್ದು. ಪುಂಡಿ ಇರುವುದು ದಾಸವಾಳ, ಬೆಂಡೆ, ಹತ್ತಿಯ ಕುಟುಂಬದಲ್ಲಿ. ಬೆಂಡೆಯ ಲೋಳೆ ನೆನಪಿದ್ದರೆ ನಂಟು ಗೊತ್ತಾಗುತ್ತದೆ. ಹೂವಿನಲ್ಲಂತೂ ಅನುಮಾನವೇ ಇಲ್ಲ: ಐದು ಎಸಳು, ನಡುವೆ ಕೇಸರಗಳೆಲ್ಲ ಕೂಡಿಕೊಂಡ ಕೊಳವೆ.

ಕರಾವಳಿಯವರಿಗೆ ಪುಂಡಿ ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಅಲ್ವಾ? ಅವರು ಈ ಸೊಪ್ಪನ್ನು ಏನಂತಾರೆ? ಬೆಂಗಳೂರಿನ ಸಂತೆಯಲ್ಲಿ ‘ಗೋಂಗುರ’ ಜಾಸ್ತಿ ಕೇಳಿಸುತ್ತದೆ. ತೆಲಂಗಾಣದವರು ‘ಪುಂಟಿಕೂರ’ ಅನ್ನುತ್ತಾರೆ. ಅದು ನಮ್ಮ ಪುಂಡಿಗೆ ಎಷ್ಟು ಹತ್ತಿರ ನೋಡಿ. ಗಿಡಗಳ ಹೆಸರಿನ ಪಟ್ಟಿಗಳಲ್ಲಿ ‘ಪುಂಡ್ರಿಕೆ’ ಅಂತಲೂ ಸಿಗುತ್ತದೆ. ಅದನ್ನು ಮಾತಿನಲ್ಲಿ ಬಳಸುವವರು ಇಲ್ಲಿ ಯಾರಾದರೂ ಇದ್ದರೆ ಯಾವ ತಾಲ್ಲೂಕಿನವರು, ಎರಡರಲ್ಲಿ ಯಾವ ಗಿಡಕ್ಕೆ ಹಾಗನ್ನುತ್ತೀರಿ ಅಂತ ಬರೆಯಿರಿ. ಹಗ್ಗ ಹೊಸೆಯುವ ಮನೆಗಳಲ್ಲಿ ನಾರು ಸುಲಿದ ಮೇಲೆ ಉಳಿಯುವ ಕಡ್ಡಿಗೆ ಬೇರೆ ಹೆಸರಿದ್ದರೆ ಅದೂ ಬೇಕು.