ಅಪ್‌ಡೇಟ್: ಮಗನನ್ನು ತಂಗಿಯ ಮದುವೆಗೆ ಕರೆದುಕೊಂಡು ಹೋದೆ

ಆಟಿಸಂ ಇರುವ 9 ವರ್ಷದ ಮಗ ವಾದ್ಯದ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಾನೆ, ತಂಗಿಯ ಮದುವೆಗೆ ಹೇಗೆ ಕರೆದೊಯ್ಯಲಿ ಎಂದು ಹೋದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಋಣಿ.

ಹಿಂದಿನ ದಿನವೇ ಖಾಲಿ ಛತ್ರ ತೋರಿಸಿದ್ದು ಬಹಳ ಉಪಯೋಗಕ್ಕೆ ಬಂತು. ಚುಚ್ಚುವ ಜರಿ ಪಂಚೆ ಬಿಟ್ಟು, ಒಗೆದು ಒಗೆದು ಮೆತ್ತಗಾದ ಹತ್ತಿಯ ಜುಬ್ಬಾ ಹಾಕಿಸಿದೆ.

ನನಗೆ ಭಯವಿದ್ದದ್ದು ಗಟ್ಟಿಮೇಳದ್ದೇ. ಡೋಲಿನವರ ಬಳಿ ಮೊದಲೇ ಮಾತನಾಡಿದ್ದೆ. ಶುರು ಮಾಡುವ ಮುನ್ನ ಅವರು ನನ್ನತ್ತ ಕೈ ಎತ್ತಿದರು. ಸದ್ದು ತಗ್ಗಿಸುವ ಇಯರ್‌ಮಫ್ ಹಾಕಿಕೊಂಡು ಅವನು ಕಂಬದ ಹಿಂದೆ ನಿಂತು, ಅಂಗೈಯಲ್ಲಿದ್ದ ಅಕ್ಷತೆಯನ್ನು ಒಂದೊಂದೇ ಕಾಳಾಗಿ ಎಣಿಸುತ್ತಿದ್ದ. ಜನ ಚದುರಿದ ಮೇಲೆ ಮೆಲ್ಲನೆ ಹೋಗಿ ಚಿಕ್ಕಮ್ಮನ ತಲೆಯ ಮೇಲೆ ಹಾಕಿ ಬಂದ. ತಂಗಿ ಅತ್ತುಬಿಟ್ಟಳು.

ಎಡವಿದ್ದು ಊಟದ ಹೊತ್ತಿಗೆ. ದೂರದ ನೆಂಟರೊಬ್ಬರು, "ಯಾಕೋ ಮಾತನಾಡುವುದಿಲ್ಲ?" ಎಂದು ಗಲ್ಲ ಹಿಡಿದು ಮುಖ ಎತ್ತಿದರು. ಅವನು ಚೀರಿದ. ಮೇಲಿನ ಕೋಣೆಯಲ್ಲಿ ದೀಪ ಆರಿಸಿ 40 ನಿಮಿಷ ಕುಳಿತೆವು. ಅವನನ್ನು ಮುಟ್ಟಬೇಡಿ, ದೂರದಿಂದ ನಕ್ಕರೆ ಸಾಕು ಎಂದು ಎಲ್ಲರಿಗೂ ನಾನು ಮೊದಲೇ ಹೇಳಬೇಕಿತ್ತು.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬಗ್ಗೆ ವಿಚಾರಿಸಿದವರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ನಾವೂ ಅರ್ಜಿ ಹಾಕಿದ್ದೇವೆ.