ಶಾಲೆ ಟಾಯ್ಲೆಟ್ ರಿಪೇರಿ ದುಡ್ಡು ಯಾರು ಕೊಡ್ಬೇಕು, ಪಂಚಾಯ್ತಿನೋ ಎಚ್ಚೆಮ್ಮೋ (ಹೆಡ್‌ಮಾಸ್ಟರೋ)?

ಹೊಸ_ಎಸ್‌ಡಿಎಂಸಿ:
ಈ ವರ್ಷ ಎಸ್‌ಡಿಎಂಸಿಗೆ (ಪೋಷಕರೇ ಇರೋ ಶಾಲಾ ಅಭಿವೃದ್ಧಿ ಸಮಿತಿ) ಸೇರ್ಕೊಂಡೆ, ನಮ್ದು 84 ಮಕ್ಕಳ ಸರ್ಕಾರಿ ಶಾಲೆ. ಟಾಯ್ಲೆಟ್ ಬಾಗ್ಲು ಮುರ್ದಿದೆ, ನೀರಿನ ಪೈಪ್ ಹೋಗಿದೆ, ಎಚ್ಚೆಮ್ ಕೇಳಿದ್ರೆ ಪಂಚಾಯ್ತಿಗೆ ಹೋಗಿ ಅಂತಾರೆ, ಪಂಚಾಯ್ತಿ ಅಧಿಕಾರಿ ಪಿಡಿಓ ಕೇಳಿದ್ರೆ ನಿಮ್ಗೆ ಗ್ರಾಂಟ್ ಬರತ್ತಲ್ಲ ಅಂತಾರೆ. ಏನ್ ಮಾಡೋದು?

ಚಾಕ್‌ಪೀಸ್_ಮೇಷ್ಟ್ರು:
ಎಚ್ಚೆಮ್ ಮೇಲೆ ಕೋಪ ಬೇಡ ಸಾರ್. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ 31ರಿಂದ 100 ಮಕ್ಕಳಿದ್ರೆ ವರ್ಷಕ್ಕೆ 25,000, ಅಷ್ಟೇ. ಅದ್ರಲ್ಲೇ ಸೀಮೆಸುಣ್ಣ, ರಿಜಿಸ್ಟರ್, ಸಣ್ಣಪುಟ್ಟ ರಿಪೇರಿ ಎಲ್ಲಾ, ಶೇ.10 ಸ್ವಚ್ಛತೆಗೇ ಇಡ್ಬೇಕು, ಅದೂ ವರ್ಷದ ಕೊನೆಗೆ ಬಂದ್ರೆ ಮಾರ್ಚ್ ಒಳಗೆ ಖರ್ಚು ತೋರ್ಸು ಅಂತ ಒತ್ತಡ ಬೇರೆ, ಅಲ್ಲಿವರೆಗೂ ಎಷ್ಟೋ ಕಡೆ ಮೇಷ್ಟ್ರ ಜೇಬೇ ಗತಿ 😅

ಕೆರೆದಂಡೆ:
ಪಿಡಿಓ ಪೂರ್ತಿ ತಪ್ಪಿಸ್ಕೊಳ್ಳೋ ಹಾಗಿಲ್ಲ. ಕೇಂದ್ರದ ಹಣಕಾಸು ಆಯೋಗದಿಂದ ಪಂಚಾಯ್ತಿಗೆ ಬರೋ ದುಡ್ಡಲ್ಲಿ ದೊಡ್ಡ ಪಾಲು ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದು, ಶಾಲೆ ಟಾಯ್ಲೆಟ್ ಅದ್ರಲ್ಲಿ ಕೂರತ್ತೆ. ಆದ್ರೆ ಕೆಲ್ಸ ಪಂಚಾಯ್ತಿಯ ವರ್ಷದ ಕ್ರಿಯಾಯೋಜನೆಲಿ ಇರ್ಬೇಕು. ಬಾಯ್ಮಾತಲ್ಲಿ ಹೇಳಿದ್ರೆ ಆಗಲ್ಲ, ಎಸ್‌ಡಿಎಂಸಿ ಮೀಟಿಂಗಲ್ಲಿ ಠರಾವು ಮಾಡಿ ಫೋಟೋ ಜೊತೆ ಕೊಟ್ಟು ಸ್ವೀಕೃತಿ ತಗೊಳಿ, ಗ್ರಾಮಸಭೇಲಿ ಎದ್ದು ಕೇಳಿ.

ಅಮ್ಮ_ಆಫ್_ಟೂ:
ಪೋಷಕರ ಹತ್ರ ಎತ್ತೋಣ ಅಂತ ಮಾತ್ರ ಹೊರಡ್ಬೇಡಿ, 2022ರಲ್ಲಿ ಶಿಕ್ಷಣ ಇಲಾಖೆ ತಿಂಗ್ಳಿಗೆ 100 ರೂಪಾಯಿ ದೇಣಿಗೆ ಸುತ್ತೋಲೆ ಹೊರಡ್ಸಿ ಗಲಾಟೆಯಾಗಿ ವಾಪಸ್ ತಗೊಂಡಿದ್ದು ನೆನಪಿದೆಯಲ್ಲ

ಹೊಸ_ಎಸ್‌ಡಿಎಂಸಿ:
ಸರಿ, ಶನಿವಾರ ಮೀಟಿಂಗ್ ಕರೀತೀನಿ. ಬಾಗ್ಲು ಗ್ರಾಂಟಲ್ಲಿ, ಪೈಪು ಪಂಚಾಯ್ತಿಲಿ ಅಂತ ಬರೆಸ್ತೀನಿ, ನೋಡೋಣ